ಬೀಳುಬಿದ್ದ ಹೊಲದ ಮುಳ್ಳು

ಜೈನಧರ್ಮವು ವ್ಯಾಪಾರಸ್ಥರ ಧರ್ಮವೆಂಬ ಮಾತು ಹೊರಗಿನವರಲ್ಲಿ ಬಹುಮಟ್ಟಿಗೆ ರೂಢಿಯಾಗಿದೆ. ಕರ್ನಾಟಕದ ಮಟ್ಟಿಗೆ ಅದು ಅರ್ಧಸತ್ಯವೂ ಅಲ್ಲ. ಬೆಳಗಾವಿ, ಬಾಗಲಕೋಟೆ, ಧಾರವಾಡ ಸೀಮೆಯ ಹಳ್ಳಿಗಳಲ್ಲಿ ತಲೆತಲಾಂತರದಿಂದ ಒಕ್ಕಲುತನವನ್ನೇ ನಂಬಿ ಬಾಳಿದ ಶ್ರಾವಕರ ಮನೆಗಳು ಅನೇಕವಿವೆ. ಮುಂಜಾನೆ ಬಸದಿಗೆ ಹೋಗಿ, ಗಂಧೋದಕವನ್ನು ತಲೆಗೆ ಹಚ್ಚಿಕೊಂಡು, ಬಳಿಕ ಹೊಲಕ್ಕೆ ಹೋಗಿ ರಂಟೆ ಹೂಡುವವರು ಇವರು. ನೀರನ್ನು ಸೋಸಿ ಕುಡಿಯುವ ಕೈಯೇ ನೆಲವನ್ನು ಸೀಳುತ್ತದೆ. ಈ ಎರಡರ ನಡುವಣ ಬಿಗುವನ್ನು ಪ್ರಾಚೀನ ಆಚಾರ್ಯರು ಅರಿಯದವರಲ್ಲ. ಕಲ್ಪವೃಕ್ಷಗಳು ಮಾಯವಾಗಿ ಪ್ರಜೆಗಳು ಹಸಿವಿನಿಂದ ಕಂಗೆಟ್ಟಾಗ ಅಸಿ, ಮಸಿ, ಕೃಷಿ ಮೊದಲಾದ ಷಟ್ಕರ್ಮಗಳನ್ನು ಕಲಿಸಿದವನು ಆದಿತೀರ್ಥಂಕರನೇ ಎಂದು ಪುರಾಣಗಳು ಹೇಳುವುದರಲ್ಲಿ ಗೃಹಸ್ಥನ ಬದುಕಿಗೆ ಒಂದು ಮನ್ನಣೆಯಿದೆ. ಶ್ರಾವಕಾಚಾರಗಳು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿ, ಗೃಹಸ್ಥನು ಮೊದಲನೆಯದನ್ನು ಪೂರ್ತಿಯಾಗಿ ಬಿಡಬೇಕು, ಉಳಿದವನ್ನು ಶಕ್ತ್ಯನುಸಾರ ಕುಗ್ಗಿಸಬೇಕು ಎಂದು ವಿಧಿಸಿದ್ದರಲ್ಲಿಯೂ ಅದೇ ಮನ್ನಣೆಯಿದೆ.

ಆದರೆ ಇತ್ತೀಚಿನ ದಶಕಗಳಲ್ಲಿ ಪ್ರಶ್ನೆಯು ಬೇರೊಂದು ದಿಕ್ಕಿನಿಂದ ಎದುರಾಗುತ್ತಿದೆ. ಉಳುವುದರಿಂದ ಆಗುವ ಹಿಂಸೆಯನ್ನು ಕುರಿತು ಬೇಕಾದಷ್ಟು ವಿಚಾರ ನಡೆದಿದೆ. ಉಳದೆ ಬಿಟ್ಟ ನೆಲದ ಹೊಣೆ ಯಾರದು ಎಂಬುದನ್ನು ಕುರಿತು ಅಷ್ಟಾಗಿ ನಡೆದಿಲ್ಲ.

ವಿಚಾರದ ಅನುಕೂಲಕ್ಕಾಗಿ ಒಂದು ಮನೆತನವನ್ನು ಕಲ್ಪಿಸಿಕೊಳ್ಳಬಹುದು. ಯಾವ ಊರಿನಲ್ಲಾದರೂ ಕಾಣಬಹುದಾದ ಮನೆತನವಿದು. ಎರೆಭೂಮಿಯ ಒಂದು ಹಳ್ಳಿ. ತಂದೆ ತೀರಿಕೊಂಡ ಮೇಲೆ ಎಂಟು ಎಕರೆ ಹೊಲ ಇಬ್ಬರು ಮಕ್ಕಳ ಹೆಸರಿಗೆ ಬಂತು. ಹಿರಿಯನು ಪುಣೆಯಲ್ಲಿ ನೌಕರಿಯಲ್ಲಿದ್ದಾನೆ. ಕಿರಿಯನು ತಾಲೂಕಿನ ಪೇಟೆಯಲ್ಲಿ ಗೊಬ್ಬರ, ಔಷಧಿಗಳ ಅಂಗಡಿಯಿಟ್ಟಿದ್ದಾನೆ. ತಾಯಿ ಮಾತ್ರ ಊರಲ್ಲಿಯೇ ಉಳಿದಿದ್ದಾಳೆ. ಮೊದಲ ಎರಡು ವರ್ಷ ಹೊಲವನ್ನು ಲಾವಣಿಗೆ ಕೊಟ್ಟರು. ಆಮೇಲೆ, ಉಳುವವನು ನಾಳೆ ಹಕ್ಕು ಕೇಳಿಯಾನೆಂಬ ಅಂಜಿಕೆ ಹುಟ್ಟಿತು. 1974ರ ಭೂಸುಧಾರಣಾ ತಿದ್ದುಪಡಿಯ ನೆನಪು ಒಕ್ಕಲು ಮನೆತನಗಳಲ್ಲಿ ಇನ್ನೂ ಮಾಸಿಲ್ಲ. ಲಾವಣಿಯನ್ನು ಬಿಡಿಸಿದರು. ಹೊಲ ಬೀಳುಬಿತ್ತು. ಹಾಗೆ ಇಪ್ಪತ್ತೆರಡು ವರ್ಷಗಳು ಕಳೆದವು.

ಬೀಳುನೆಲವು ಬರಿದಾಗಿ ಇರುವುದಿಲ್ಲ. ಮೊದಲು ಕರಿಕೆ ಹಬ್ಬಿತು, ಬದುವಿನ ಮೇಲಿದ್ದ ಬಾರಿಕಂಟಿ ಒಳಕ್ಕೆ ಸರಿಯಿತು. ಆಮೇಲೆ ಬಂದದ್ದು ಬಳ್ಳಾರಿ ಜಾಲಿ. ಹೆಸರಿನಲ್ಲಿ ಬಳ್ಳಾರಿಯಿದ್ದರೂ ಈ ಮರದ ತವರು ಅಮೆರಿಕ ಖಂಡ. ಸಸ್ಯಶಾಸ್ತ್ರಜ್ಞರು ಇದನ್ನು ಪ್ರೊಸೋಪಿಸ್ ಜೂಲಿಫ್ಲೋರಾ ಎಂದು ಕರೆಯುತ್ತಾರೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ, ಬರಡು ನೆಲಕ್ಕೆ ಹಸಿರು ಬರಲಿ, ಬಡವರಿಗೆ ಸೌದೆ ಸಿಗಲಿ ಎಂಬ ಸದುದ್ದೇಶದಿಂದಲೇ ಇದನ್ನು ಭಾರತಕ್ಕೆ ತಂದರು. ಇದರ ಕಾಯಿ ಸಿಹಿ. ದನ, ಆಡು, ಕುರಿಗಳು ಅದನ್ನು ತಿಂದು, ಬೀಜವನ್ನು ಸಗಣಿ ಹಿಕ್ಕೆಗಳೊಡನೆ ಹೊಲದಿಂದ ಹೊಲಕ್ಕೆ ಒಯ್ಯುತ್ತವೆ. ಬೇರು ಬಹು ಆಳಕ್ಕೆ ಇಳಿಯುತ್ತದೆ. ನೆರಳಿನಡಿ ಬೇರೆ ಗಿಡಗಳು ಏಳುವುದು ಕಷ್ಟ. ಇಪ್ಪತ್ತೆರಡು ವರ್ಷಗಳಲ್ಲಿ ಎಂಟೆಕರೆ ಹೊಲವು ಮನುಷ್ಯ ನುಗ್ಗಲಾಗದ ಮುಳ್ಳಿನ ಮೆಳೆಯಾಯಿತು. ಕಾಡುಹಂದಿಗಳು ಅಲ್ಲಿ ಹಗಲನ್ನು ಕಳೆದು, ರಾತ್ರಿ ಹೊರಬಿದ್ದು, ನೆರೆಯ ಎರಡೆಕರೆಯ ಸಣ್ಣ ಹಿಡುವಳಿದಾರನ ಶೇಂಗಾವನ್ನು ಬೇರುಸಹಿತ ಅಗೆದುಹಾಕತೊಡಗಿದವು. ಎರಡು ವರ್ಷ ಪೈರು ಕಳೆದುಕೊಂಡ ಆ ರೈತನು ಒಂದು ದಿನ ತಾಯಿಯ ಬಾಗಿಲಿಗೆ ಬಂದು ನಿಂತು, "ಅವ್ವಾರ, ಹಂದಿ ನಿಮ್ಮವಲ್ಲ, ಖರೆ. ಆದ್ರ ಅವು ಇರೂದು ನಿಮ್ಮ ಹೊಲದಾಗ" ಎಂದನು.

ದೀಪಾವಳಿಗೆ ಇಬ್ಬರು ಮಕ್ಕಳೂ ಊರಿಗೆ ಬಂದಾಗ ವಿಷಯ ಚರ್ಚೆಗೆ ಬಂತು. ಕಿರಿಯನು ಜೆಸಿಬಿ ತರಿಸಿದರೆ ಎರಡು ದಿನದ ಕೆಲಸವೆಂದನು. ಹಿರಿಯನು ಒಪ್ಪಲಿಲ್ಲ. ಅಷ್ಟು ವರ್ಷಗಳಲ್ಲಿ ಅಲ್ಲಿ ಎಷ್ಟು ಜೀವಿಗಳು ನೆಲೆ ಕಂಡುಕೊಂಡಿವೆಯೋ ಬಲ್ಲವರಾರು, ಅವುಗಳಿಗೆ ತಮ್ಮ ನೆಲದಲ್ಲಿ ಅಭಯ ದೊರೆತಿದೆಯೆಂದು ಭಾವಿಸಿ ಸುಮ್ಮನಿರುವುದೇ ಧರ್ಮ, ನೆರೆಯವನಿಗೆ ನಷ್ಟವನ್ನು ತುಂಬಿಕೊಟ್ಟರಾಯಿತು ಎಂಬುದು ಅವನ ವಾದ. ಅಷ್ಟಮಿ, ಚತುರ್ದಶಿಗಳಂದು ಹಸಿರು ಕಾಯಿಪಲ್ಲೆಯನ್ನೂ ಹೆಚ್ಚದ ತಾಯಿಯು ಹಿರಿಯ ಮಗನ ಪಕ್ಷವನ್ನೇ ವಹಿಸುವಳೆಂದು ಎಲ್ಲರೂ ಎಣಿಸಿದ್ದರು. ಅವಳು ಒಂದೇ ಮಾತು ಕೇಳಿದಳು: "ನೀ ಆ ಹೊಲಾ ಬಿಟ್ಟೀಯೋ, ಮರ್ತೀಯೋ?"

ಹಿರಿಯನ ವಾದವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಮುಳ್ಳನ್ನು ಕಡಿಯುವುದರಲ್ಲಿ ಹಿಂಸೆಯೇನು ಬಂತು ಎಂದು ಕೇಳುವ ಸ್ವಾತಂತ್ರ್ಯ ಉಳಿದವರಿಗೆ ಇರಬಹುದು, ಜೈನನಿಗೆ ಇಲ್ಲ. ಮಲ್ಲಿಗೆಗೆ ಒಂದು ಜೀವ, ಜಾಲಿಗೆ ಇನ್ನೊಂದು ಎಂಬ ಭೇದವನ್ನು ಆಗಮವು ಮಾಡುವುದಿಲ್ಲ. ಎರಡೂ ಸ್ಪರ್ಶೇಂದ್ರಿಯವೊಂದನ್ನೇ ಪಡೆದ ವನಸ್ಪತಿಕಾಯ ಜೀವಗಳು. ಕಳೆ ಎಂಬುದು ಮನುಷ್ಯನ ಪ್ರಯೋಜನವು ಕೊಟ್ಟ ಹೆಸರು. ಅದು ಗಿಡದ ಸ್ವರೂಪದಲ್ಲಿ ಇಲ್ಲ. ಬೇರನ್ನು ಅಗೆದರೆ ಪೃಥ್ವೀಕಾಯಕ್ಕೂ ಬಾಧೆ. ಮಣ್ಣಿನ ಹುಳುಗಳು ದ್ವೀಂದ್ರಿಯ, ಇರುವೆಗಳು ತ್ರೀಂದ್ರಿಯ, ಜಾಲಿಯ ಹೂವಿಗೆ ಬರುವ ಜೇನು ಚತುರಿಂದ್ರಿಯ. ಮೆಳೆಯೊಳಗಿನ ಓತಿಕ್ಯಾತ, ಹಾವು, ಮುಂಗುಸಿ, ಮೊಲ, ಗೌಜಲಹಕ್ಕಿ ಇವೆಲ್ಲ ಪಂಚೇಂದ್ರಿಯ ಜೀವಿಗಳು. ಒಂದು ಮೆಳೆಯನ್ನು ಕಿತ್ತರೆ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಜೀವಶ್ರೇಣಿಯೇ ಕದಡಿದಂತಾಗುತ್ತದೆ.

ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಬರುವ ಒಂದು ಪ್ರಸಂಗ ಇಲ್ಲಿ ಸ್ಮರಣೀಯ. ಭರತ ಚಕ್ರವರ್ತಿಯು ವ್ರತನಿಷ್ಠರು ಯಾರೆಂದು ಪರೀಕ್ಷಿಸಲು ಅರಮನೆಯ ಅಂಗಳದಲ್ಲಿ ಹಸಿ ಮೊಳಕೆಗಳನ್ನೂ ಹೂಗಳನ್ನೂ ಹರಡಿಸಿ, ಜನರನ್ನು ಆಹ್ವಾನಿಸಿದನು. ಕೆಲವರು ಅವನ್ನು ತುಳಿದುಕೊಂಡೇ ಒಳಬಂದರು. ಕೆಲವರು ಹೊರಗೆ ನಿಂತರು. ನಿಂತವರನ್ನು ಬೇರೊಂದು ದಾರಿಯಿಂದ ಕರೆತರಿಸಿ ಕಾರಣ ಕೇಳಲಾಗಿ, ಮೊಳಕೆಗಳಲ್ಲಿ ಅನಂತ ಜೀವಗಳಿರುವುದರಿಂದ ತುಳಿಯಲಿಲ್ಲವೆಂದರು. ಚಕ್ರವರ್ತಿಯು ಅವರನ್ನು ಗೌರವಿಸಿದನು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ನಿಂತವರ ಕರುಣೆಯನ್ನು ಎತ್ತಿ ಹೇಳುತ್ತಾರೆ. ಆದರೆ ಇನ್ನೊಂದು ವಿವರವೂ ಗಮನಾರ್ಹ. ಅವರಿಗೆ ಬೇರೊಂದು ದಾರಿ ಇತ್ತು. ಒಕ್ಕಲಿಗನಿಗೆ ಎಷ್ಟೋ ಸಲ ಆ ಇನ್ನೊಂದು ದಾರಿ ಇರುವುದಿಲ್ಲ. ಈ ಹೊಲದ ಒಡೆಯರಿಗೂ ಈಗ ಇಲ್ಲ. ಆದರೆ ಹಿಂದೆ ಇತ್ತು. ಇಪ್ಪತ್ತು ವರ್ಷಗಳ ಹಿಂದೆ ಜಾಲಿಯು ಒಂದು ಗೇಣಿನ ಸಸಿಯಾಗಿದ್ದಾಗ, ವರ್ಷಕ್ಕೆ ಎರಡು ದಿನ ಬದುವಿನ ಸುತ್ತ ಓಡಾಡಿ, ಮಳೆಗೆ ಮೆತ್ತಗಾದ ನೆಲದಿಂದ ಕೈಯಲ್ಲೇ ಕೀಳಬಹುದಾಗಿತ್ತು. ಆಗಲೂ ವನಸ್ಪತಿಕಾಯದ ಹಿಂಸೆಯಿತ್ತು, ಇಲ್ಲವೆನ್ನುವಂತಿಲ್ಲ. ಆದರೆ ಆ ಸಸಿಯ ಬುಡದಲ್ಲಿ ಮೊಲದ ಮರಿಗಳಿರಲಿಲ್ಲ, ಕೊಂಬೆಯಲ್ಲಿ ಹಕ್ಕಿಯ ಗೂಡಿರಲಿಲ್ಲ.

ಅಂದರೆ ಏಕೇಂದ್ರಿಯದಲ್ಲಿ ಮುಗಿಯಬಹುದಾಗಿದ್ದ ಹಿಂಸೆಯನ್ನು ಪಂಚೇಂದ್ರಿಯದವರೆಗೆ ಬೆಳೆಸಿದ್ದು ಯಾವುದು? ಕೊಡಲಿಯಲ್ಲ, ಕೊಡಲಿಯಿನ್ನೂ ಮೂಲೆಯಲ್ಲಿದೆ. ಬೆಳೆಸಿದ್ದು ಇಪ್ಪತ್ತೆರಡು ವರ್ಷಗಳ ಅಲಕ್ಷ್ಯ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣವಿಯೋಗವನ್ನಷ್ಟೇ ಹೇಳಿ ಸುಮ್ಮನಾಗದೆ ಅದಕ್ಕೆ ಪ್ರಮಾದದ ಯೋಗವನ್ನು ಮೊದಲಿಗೆ ಸೇರಿಸಿದ್ದು ವಿಚಾರಯೋಗ್ಯ. ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಕೊನೆಯವರೆಗೂ ಎಳೆದು, ಪ್ರಮಾದದಲ್ಲಿರುವವನಿಗೆ ಜೀವಿ ಸತ್ತರೂ ಸಾಯದಿದ್ದರೂ ಹಿಂಸೆ ತಪ್ಪಿದ್ದಲ್ಲವೆಂಬ ನಿಲುವಿಗೆ ಬರುತ್ತಾರೆ. ಪ್ರಮಾದವೆಂದರೆ ಕೈತಪ್ಪು ಎಂದಷ್ಟೇ ಇಂದು ಬಹುಮಂದಿ ತಿಳಿಯುತ್ತಾರೆ. ಶಾಸ್ತ್ರದಲ್ಲಿ ಅದು ಎಚ್ಚರಗೇಡಿತನ, ಮಾಡಬೇಕಾದುದರಲ್ಲಿ ಅನಾದರ. ನಿದ್ರೆಯನ್ನೂ ಅದರಲ್ಲಿಯೇ ಎಣಿಸಿದ್ದಾರೆ.

ರಾಷ್ಟ್ರಕೂಟರ ಕಾಲದಲ್ಲಿ, 959ರಲ್ಲಿ, ಸೋಮದೇವ ಸೂರಿಗಳು ರಚಿಸಿದ ಯಶಸ್ತಿಲಕ ಚಂಪುವಿನಲ್ಲಿ ಬೆಸ್ತ ಮತ್ತು ಉಳುವವನ ದೃಷ್ಟಾಂತವೊಂದಿದೆ. ಬಲೆ ಬೀಸಿ ಒಂದೂ ಮೀನು ಸಿಗದೆ ಮರಳಿದ ಬೆಸ್ತನು ಕೊಲ್ಲದಿದ್ದರೂ ಪಾಪಿ. ನೇಗಿಲ ಮೊನೆಗೆ ಸಿಕ್ಕ ಜೀವಿಗಳನ್ನು ಕೊಂದರೂ ಉಳುವವನು ಹಾಗಲ್ಲ. ಭೇದವಿರುವುದು ಮನಸ್ಸಿನ ಅಭಿಪ್ರಾಯದಲ್ಲಿ. ಒಕ್ಕಲಿಗ ಶ್ರಾವಕರಿಗೆ ಬಲು ಸಮಾಧಾನ ಕೊಟ್ಟ ದೃಷ್ಟಾಂತವಿದು. ಆದರೆ ಈ ಇಬ್ಬರ ನಡುವೆ ಮೂರನೆಯವನೊಬ್ಬನಿದ್ದಾನೆ. ಅವನು ಬಲೆಯನ್ನೂ ಬೀಸಲಿಲ್ಲ, ನೇಗಿಲನ್ನೂ ಹಿಡಿಯಲಿಲ್ಲ. ನೆಲವಿದೆಯೆಂಬುದು ಪಹಣಿ ಪತ್ರಿಕೆಯಲ್ಲಿ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಕೊಲ್ಲುವ ಅಭಿಪ್ರಾಯವೂ ಇಲ್ಲ, ಕಾಯುವ ಅಭಿಪ್ರಾಯವೂ ಇಲ್ಲ. ಇವನನ್ನು ಯಾರ ಸಾಲಿನಲ್ಲಿ ಕೂಡಿಸಬೇಕು? ಅಭಿಪ್ರಾಯವೇ ಪ್ರಮಾಣವಾದರೆ ಇವನು ನಿರ್ದೋಷಿ ಎನಿಸೀತು. ಆದರೆ ಉಳುವವನ ದೋಷವು ಕುಗ್ಗುವುದು ಅವನ ಮನಸ್ಸು ಅನ್ನದ ಕಡೆಗೆ ಇರುವುದರಿಂದ. ಮನಸ್ಸೇ ಇಲ್ಲದ ಕಡೆ ಕುಗ್ಗುವುದಕ್ಕೆ ಆಧಾರವೆಲ್ಲಿದೆ?

ಇಲ್ಲಿ ತಾಯಿಯ ಪ್ರಶ್ನೆಗೆ ಮರಳಬೇಕು. ಬಿಡುವುದೆಂಬ ಒಂದೇ ಮಾತಿನಲ್ಲಿ ಕನ್ನಡವು ಎರಡು ವಿರುದ್ಧ ಸಂಗತಿಗಳನ್ನು ಹೇಳುತ್ತದೆ. ಮುನಿಯು ಮನೆಯನ್ನು ಬಿಟ್ಟನು, ಆಲಸಿಯು ಹೊಲವನ್ನು ಬಿಟ್ಟನು. ಮುನಿಯು ಬಿಡುವುದು ಒಡೆತನವನ್ನು. ಒಡೆತನ ಹೋದ ಮೇಲೆ ಹೊಣೆ ಅದರ ಹಿಂದೆಯೇ ಹೋಗುತ್ತದೆ. ಆಲಸಿಯು ಬಿಡುವುದು ಹೊಣೆಯನ್ನು ಮಾತ್ರ, ಒಡೆತನವನ್ನು ಮುಷ್ಟಿಯಲ್ಲಿ ಹಿಡಿದೇ ಇರುತ್ತಾನೆ. ಈ ಸಹೋದರರ ಹೊಲ ಬೀಳುಬಿದ್ದದ್ದು ಕರುಣೆಯಿಂದಲ್ಲ. ಲಾವಣಿದಾರನು ಹಕ್ಕು ಕೇಳಬಹುದೆಂಬ ಭಯದಿಂದ. ಮೊದಲ ಮುಳ್ಳು ಹುಟ್ಟಿದ್ದು ಪರಿಗ್ರಹದಲ್ಲಿ, ನೆಲದಲ್ಲಿ ಹುಟ್ಟಿದ್ದು ಆಮೇಲೆ. ಅದಕ್ಕೆ ಇಪ್ಪತ್ತೆರಡು ವರ್ಷಗಳ ನಂತರ ಅಭಯದಾನವೆಂದು ಹೆಸರಿಡುವುದು ದಾನವೆಂಬ ಮಾತಿಗೆ ಮಾಡಿದ ಅನ್ಯಾಯ. ದಾನವು ಕೊಡುವ ಕಾಲದಲ್ಲಿ ಕೊಡುವವನಿಗೆ ತಿಳಿದಿರಬೇಕು.

ಗಿಡಬಳ್ಳಿ ತನ್ನಷ್ಟಕ್ಕೆ ಬೆಳೆಯಲೆಂದು ಬಿಟ್ಟವರಲ್ಲಿ ಬಾಹುಬಲಿಗಿಂತ ದೊಡ್ಡವನಿಲ್ಲ. ಶ್ರವಣಬೆಳಗೊಳದ ವಿಗ್ರಹದಲ್ಲಿ ಕಾಲುಗಳ ಇಕ್ಕೆಲದ ಹುತ್ತಗಳಿಂದ ಹಾವುಗಳು ಇಣುಕುತ್ತವೆ, ಮಾಧವೀಲತೆಯು ತೊಡೆಗಳನ್ನು ಸುತ್ತಿ ತೋಳುಗಳವರೆಗೆ ಏರಿದೆ. ವರ್ಷಕಾಲ ನಿಂತಲ್ಲಿ ನಿಂತವನು ಆ ಬಳ್ಳಿಯನ್ನು ಕಿತ್ತುಹಾಕಲಿಲ್ಲ. ರಾಜ್ಯದ ಜೊತೆಗೆ ದೇಹದ ಮಮತೆಯನ್ನೂ ಬಿಟ್ಟವನಿಗೆ ಕೀಳಬೇಕಾದದ್ದು ಏನೂ ಉಳಿದಿರಲಿಲ್ಲ. ಹೀಗಿದ್ದರೂ, ತಾನು ನಿಂತಿರುವುದು ಭರತನ ನೆಲದಲ್ಲಿ ಎಂಬ ಶಲ್ಯವೊಂದು ಅವನ ಕೇವಲಜ್ಞಾನವನ್ನು ತಡೆಯಿತೆಂದು ಕನ್ನಡ ನಾಡಿನಲ್ಲಿ ಪ್ರಚಲಿತವಾದ ಕಥೆ ಹೇಳುತ್ತದೆ. ಶಲ್ಯವೆಂದರೆ ಮುಳ್ಳೇ. ದೇಹದ ಮೇಲೆ ಬೆಳೆದ ಬಳ್ಳಿ ಅಡ್ಡಿಯಾಗಲಿಲ್ಲ, ನೆಲ ಯಾರದೆಂಬ ಒಂದು ಎಣಿಕೆ ಅಡ್ಡಿಯಾಯಿತು. ಆ ಬಳ್ಳಿಯನ್ನು ಬಿಡಿಸಿದವರು ವಿದ್ಯಾಧರಸ್ತ್ರೀಯರೆಂದು ಪುರಾಣದಲ್ಲಿದೆ. ಬಾದಾಮಿ, ಐಹೊಳೆಗಳ ಗುಹೆಗಳಲ್ಲಿ ಬಾಹುಬಲಿಯ ಪಕ್ಕದಲ್ಲಿ ನಿಂತ ಇಬ್ಬರು ಸ್ತ್ರೀಯರನ್ನು ನೋಡಿದವರಿಗೆ ಅದು ನೆನಪಾಗದಿರದು. ಬಳ್ಳಿಯನ್ನು ಬೆಳೆಯಗೊಟ್ಟವನಲ್ಲಿಯೂ ಅದನ್ನು ಬಿಡಿಸಿದವರಲ್ಲಿಯೂ ದೋಷವನ್ನು ಹೇಳದ ಪರಂಪರೆ ಇದು.

ಹಾಗಾದರೆ ಹಿರಿಯನಿಗೆ ದಾರಿಯೇ ಇಲ್ಲವೇ? ಇದೆ, ಆದರೆ ಸುಲಭದ್ದಲ್ಲ. ನೆಲ ಬೇಡವಾದರೆ ನೆಲವಿಲ್ಲದವನಿಗೆ ಕೊಡಬಹುದು, ಬಸದಿಗೆ ಬರೆದುಕೊಡಬಹುದು. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಎಂಟನೆಯದು ಆರಂಭತ್ಯಾಗ, ಒಂಬತ್ತನೆಯದು ಪರಿಗ್ರಹತ್ಯಾಗ. ಎಂಟನೆಯದರಲ್ಲಿ ಕೃಷಿಯನ್ನು ಬಿಟ್ಟವನಿಗೆ ಸ್ವತ್ತು ಇನ್ನೂ ಇರಬಹುದೆಂಬುದು ನಿಜ. ಆದರೆ ಅವನು ಹೊಲವನ್ನು ಮಗನ ಕೈಗೆ ಒಪ್ಪಿಸಿ ಬಿಡುತ್ತಾನೆ, ಮುಳ್ಳಿನ ಕೈಗಲ್ಲ. ಇಲ್ಲವೇ ಆ ಹೊಲವನ್ನು ಜೀವಿಗಳಿಗಾಗಿಯೇ ಮೀಸಲಿಡುವ ಸಂಕಲ್ಪ ಮಾಡಬಹುದು. ಆಗಲೂ ಕೈಕಟ್ಟಿ ಕೂಡುವಂತಿಲ್ಲ. ಬಳ್ಳಾರಿ ಜಾಲಿಯನ್ನು ಅದರಷ್ಟಕ್ಕೆ ಬಿಟ್ಟರೆ ಕಾರೆ, ಬಾರಿ, ತಂಗಡಿಗಳಂಥ ಈ ನೆಲದ ಗಿಡಗಳು ಏಳಲಾರವು, ಅವನ್ನು ನಂಬಿದ ಹಕ್ಕಿಪಕ್ಷಿಗಳು ಉಳಿಯಲಾರವು. ಅಭಯ ಕೊಡಬೇಕೆಂದರೂ ಜಾಲಿಯನ್ನು ತಡೆಯಲೇಬೇಕಾಗುತ್ತದೆ. ಹಂದಿಗಳು ನೆರೆಯವನ ಹೊಲಕ್ಕೆ ಇಳಿಯದಂತೆ ಬೇಲಿ ಹಾಕಬೇಕಾಗುತ್ತದೆ. ನಷ್ಟವನ್ನು ಹಣದಲ್ಲಿ ತುಂಬಿಕೊಡುವ ಮಾತು ಕೇಳಲು ಚೆನ್ನ. ಆದರೆ ಬಿತ್ತಿ, ಕಳೆ ತೆಗೆದು, ಕಾಯಿ ಕಟ್ಟುವವರೆಗೆ ಕಾದವನಿಗೆ ಪ್ರತಿವರ್ಷ ಪುಣೆಯಿಂದ ಹಣ ಬರುವುದು ಬೆಳೆಯಲ್ಲ.

ಇನ್ನು ಕಿರಿಯನ ಮಾತು. ಕಡಿಯಬೇಕೆಂಬುದು ಸರಿಯಾದೊಡನೆ ಹೇಗಾದರೂ ಕಡಿಯಬಹುದೆಂದು ಆಗುವುದಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಎಣಿಸುತ್ತ ಫಲವಿಲ್ಲದೆ ನೆಲ ಅಗೆಯುವುದನ್ನೂ ಗಿಡ ಕಡಿಯುವುದನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಕೊಡಲಿ, ಗುದ್ದಲಿ, ಬೆಂಕಿಗಳನ್ನು ಇನ್ನೊಬ್ಬರಿಗೆ ಕೊಡುವುದನ್ನು ಹಿಂಸಾದಾನವೆಂದಿದ್ದಾರೆ. ಜೆಸಿಬಿಯನ್ನು ಬಾಡಿಗೆಗೆ ಕರೆಸಿ, ತಾನು ಪೇಟೆಯ ಅಂಗಡಿಯಲ್ಲಿ ಕುಳಿತು, ಸಂಜೆ ಫೋನಿನಲ್ಲಿ ಲೆಕ್ಕ ಕೇಳುವವನು ಆ ಮಾತನ್ನು ಒಮ್ಮೆ ಓದಬೇಕು. ಕೃತ, ಕಾರಿತ, ಅನುಮೋದಿತ ಮೂರೂ ಆಸ್ರವದ ಬಾಗಿಲುಗಳೇ. ಕೂಲಿ ಕೊಟ್ಟ ಮಾತ್ರಕ್ಕೆ ಪಾಪವು ಕೂಲಿಯವನ ಹೆಸರಿಗೆ ವರ್ಗವಾಗುವುದಿಲ್ಲ.

ಸುಲಭದ ದಾರಿಗಳೆಲ್ಲ ಹಳೆಯವರ ಕಣ್ಣಿಗೆ ಬಿದ್ದೇ ಇದ್ದವು. ಶ್ರಾವಕನು ವರ್ಜಿಸಬೇಕಾದ ಹದಿನೈದು ಕ್ರೂರ ಜೀವನೋಪಾಯಗಳ ಪಟ್ಟಿಯನ್ನು ಇಂದು ಓದಿದರೆ, ಜಾಲಿಯ ಮೆಳೆಯ ಮುಂದೆ ನಿಂತು ಬರೆದಂತಿದೆ. ಕಾಡಿಗೆ ಬೆಂಕಿಯಿಡುವ ದವದಾನ ಅದರಲ್ಲಿದೆ. 12ನೆಯ ಶತಮಾನದ ಶ್ವೇತಾಂಬರ ಆಚಾರ್ಯ ಹೇಮಚಂದ್ರರು ಯೋಗಶಾಸ್ತ್ರದಲ್ಲಿ ಅದನ್ನು ಚಟದಿಂದ ಮಾಡಿದ್ದು, ಪುಣ್ಯವೆಂದು ತಿಳಿದು ಮಾಡಿದ್ದು ಎಂದು ಎರಡಾಗಿ ವಿಂಗಡಿಸಿರುವುದು ಮನುಷ್ಯಸ್ವಭಾವದ ಒಳ್ಳೆಯ ಪರಿಚಯವಿದ್ದವರ ಮಾತು. ಬೆಂಕಿಗೆ ಕಣ್ಣಿಲ್ಲ. ಓಡಬಲ್ಲದ್ದು ಓಡುತ್ತದೆ, ಮೊಟ್ಟೆ, ಮರಿ, ಓತಿಕ್ಯಾತಗಳು ಉಳಿಯುವುದಿಲ್ಲ. ಜಾಲಿಯೋ ಬುಡದಿಂದ ಮತ್ತೆ ಚಿಗುರುತ್ತದೆ. ಅಂಗಾರಕರ್ಮ, ಅಂದರೆ ಇದ್ದಿಲು ಸುಡುವುದು, ಅದೇ ಪಟ್ಟಿಯಲ್ಲಿದೆ. ಇಂದು ಜಾಲಿಯನ್ನು ಪುಕ್ಕಟೆಯಾಗಿ ಕಡಿದುಕೊಂಡು ಹೋಗಿ, ಮೇಲೆ ನಾಲ್ಕು ದುಡ್ಡನ್ನೂ ಕೊಡುವ ಗುತ್ತಿಗೆದಾರರು ಬರುವುದು ಇದ್ದಿಲಿಗಾಗಿಯೇ. ವಿಷವಾಣಿಜ್ಯವೂ ಅಲ್ಲಿದೆ. ಅಂಗಡಿಯ ಕಪಾಟಿನಲ್ಲಿರುವ ಕಳೆನಾಶಕದ ಡಬ್ಬಿಗಳತ್ತ ಕಿರಿಯನ ದೃಷ್ಟಿ ಹೋದದ್ದು ಸಹಜ. ಆದರೆ ಅದು ಅವನ ಉದ್ಯೋಗದ ಬುಡವನ್ನೇ ಅಲುಗಿಸುವ ಪ್ರಶ್ನೆ. ಅದನ್ನು ಒಂದು ಹೊಲದ ನೆಪದಲ್ಲಿ ತೀರಿಸಿಬಿಡಲಾಗದು.

ಕೊನೆಗೆ ಉಳಿದದ್ದು ಕೈಗೆಲಸ. ಅದರಲ್ಲಿಯೂ ಒಂದು ಕಠಿನವಾದ ಪ್ರಶ್ನೆಯಿದೆ. ಜಾಲಿಯನ್ನು ನೆಲದ ಮೇಲೆ ಕಡಿದುಬಿಟ್ಟರೆ ಗಿಡ ಸಾಯುವುದಿಲ್ಲ. ಬುಡದಲ್ಲಿ ಅಡಗಿದ ಮೊಗ್ಗುಗಳಿಂದ ಒಂದು ಕಾಂಡದ ಜಾಗದಲ್ಲಿ ಹತ್ತು ಚಿಗುರೊಡೆಯುತ್ತವೆ. ಸಾಯಬೇಕಾದರೆ ಮಣ್ಣನ್ನು ಬಿಡಿಸಿ, ನೆಲಮಟ್ಟದಿಂದ ಒಂದು ಗೇಣಾದರೂ ಕೆಳಗೆ ತಾಯಿಬೇರನ್ನು ಕತ್ತರಿಸಬೇಕು. ಕಾಡುಗಳನ್ನು ಆವರಿಸಿಕೊಂಡಿರುವ ಲಂಟಾನದ ವಿಷಯದಲ್ಲಿಯೂ ದೆಹಲಿಯ ಪ್ರೊಫೆಸರ್ ಸಿ. ಆರ್. ಬಾಬು ಮತ್ತು ಅವರ ಸಂಗಡಿಗರು ಇಂಥದೇ ಕ್ರಮವನ್ನು ರೂಢಿಗೆ ತಂದಿದ್ದಾರೆ. ಬೇರನ್ನು ನೆಲದ ಮಟ್ಟಕ್ಕಿಂತ ತುಸು ಕೆಳಗೆ ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಇಟ್ಟುಬಿಡುವುದು ಆ ಕ್ರಮ. ನೆಲವೂ ಹೆಚ್ಚು ಕದಡುವುದಿಲ್ಲ, ಯಂತ್ರವೂ ಬೇಡ.

ಆದರೆ ಬುಡಸಹಿತ ಕೀಳುವುದೆಂದರೆ ಜೈನರ ಕಣ್ಣೆದುರಿಗೆ ಬರುವುದು ಷಡ್ಲೇಶ್ಯೆಗಳ ವೃಕ್ಷ. ಹಸಿದ ಆರು ಜನ ದಾರಿಕಾರರು ಹಣ್ಣಿನ ಮರವೊಂದನ್ನು ಕಂಡರು. ಒಬ್ಬನು ಬುಡವನ್ನೇ ಕೀಳೋಣವೆಂದನು, ಒಬ್ಬನು ಕಾಂಡವನ್ನು, ಒಬ್ಬನು ದೊಡ್ಡ ಕೊಂಬೆಯನ್ನು ಕಡಿಯೋಣವೆಂದನು. ಹೀಗೆ ಇಳಿಯುತ್ತ, ಕೊನೆಯವನು ಕೆಳಗೆ ಬಿದ್ದ ಹಣ್ಣೇ ಸಾಕೆಂದನು. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಇದನ್ನು ಹೇಳಿದ್ದಾರೆ. ಶ್ರವಣಬೆಳಗೊಳದ ಮಠದ ಗೋಡೆಯ ಮೇಲೆ ಇದರ ಚಿತ್ರವೂ ಇದೆ. ಬುಡ ಕೀಳುವವನದು ಕೃಷ್ಣಲೇಶ್ಯೆ. ಹಾಗಿದ್ದರೆ ಜಾಲಿಯ ಬುಡವನ್ನು ಅಗೆಯುವವನೂ ಕೃಷ್ಣಲೇಶ್ಯೆಯವನೇ?

ದೃಷ್ಟಾಂತವನ್ನು ಅಕ್ಷರಕ್ಕೆ ಕಟ್ಟಿದರೆ ಹಾಗೆ ತೋರೀತು. ಆದರೆ ಆ ಆರು ಜನರಿಗೂ ಬೇಕಾಗಿದ್ದದ್ದು ಒಂದೇ, ಹಣ್ಣು. ಬೇಕಾದುದಕ್ಕೂ ಮಾಡಲು ಹೊರಟ ಹಿಂಸೆಗೂ ನಡುವಿನ ಅಂತರವೇ ಅಲ್ಲಿ ಬಣ್ಣಗಳಾಗಿ ಬರುತ್ತದೆ. ಬುಡ ಕೀಳುವವನು ಕಪ್ಪಾದದ್ದು ಒಂದು ಹಿಡಿ ಹಣ್ಣಿಗಾಗಿ ಒಂದು ಮರವನ್ನು ಕೊಡಲು ಸಿದ್ಧನಾದುದರಿಂದ. ಜಾಲಿಯ ಹೊಲದಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಕೊಂಬೆ ಕಡಿದು ಕರುಣೆ ತೋರಿದೆನೆನ್ನುವವನು ಮುಂದಿನ ವರ್ಷ ಮತ್ತೆ ಕಡಿಯಬೇಕು, ಅದರ ಮುಂದಿನ ವರ್ಷವೂ ಕಡಿಯಬೇಕು. ಪ್ರತಿಸಲವೂ ಆ ಚಿಗುರಿನಲ್ಲಿ ಹೊಸ ಗೂಡು, ಹೊಸ ಮೊಟ್ಟೆ. ಅವನ ಕೈ ಹಗುರ, ಕೊಲೆಯ ಲೆಕ್ಕ ಭಾರ. ಒಮ್ಮೆ ಬುಡವನ್ನು ತೆಗೆದವನ ಕೈ ಒರಟಾಗಿ ಕಂಡರೂ ಹಿಂಸೆಯ ಪರಂಪರೆಯನ್ನು ಅವನು ಅಲ್ಲಿಗೆ ನಿಲ್ಲಿಸುತ್ತಾನೆ. ಹಾಗೆಂದು ಬುಡ ಕೀಳುವವರೆಲ್ಲ ಇದೇ ಮಾತನ್ನು ಹೇಳಿ ತಪ್ಪಿಸಿಕೊಳ್ಳಬಾರದು. ಒಂದು ಗಿಡದ ಬುಡದಲ್ಲಿ ಅರ್ಧ ಗಂಟೆ ಕುಕ್ಕರಗಾಲಲ್ಲಿ ಕುಳಿತು, ಮೊದಲು ಕೋಲಿನಿಂದ ತರಗೆಲೆಗಳನ್ನು ಸರಿಸಿ, ಬಿಲವಿದೆಯೋ ನೋಡಿ, ಆಮೇಲೆ ಗುದ್ದಲಿ ಹಾಕಿದವನಿಗೆ ಮಾತ್ರ ಈ ಮಾತು ಹೊಂದುತ್ತದೆ. ಮುನಿಗಳ ಈರ್ಯಾಸಮಿತಿಯು ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡಲು ಹೇಳುತ್ತದೆ. ಗುದ್ದಲಿಯವನ ಕಣ್ಣು ಅಷ್ಟನ್ನು ನೋಡಬಲ್ಲದು. ಜೆಸಿಬಿಯ ಗಾಜಿನ ಹಿಂದೆ ಕುಳಿತವನ ಕಣ್ಣು ನೋಡಲಾರದು. ಅವನು ಕ್ರೂರನೆಂದಲ್ಲ, ಅವನ ಕಣ್ಣಿಗೂ ನೆಲಕ್ಕೂ ಅಷ್ಟು ದೂರ.

ಕಾಲದ ವಿಚಾರವೂ ಸಣ್ಣದಲ್ಲ. ಜೀವೋತ್ಪತ್ತಿ ಹೆಚ್ಚಿರುವ ಚಾತುರ್ಮಾಸದಲ್ಲಿ ಮುನಿಗಳು ವಿಹಾರವನ್ನೇ ನಿಲ್ಲಿಸುತ್ತಾರೆ. ಬಹುಪಾಲು ಹಕ್ಕಿಗಳು ಗೂಡು ಕಟ್ಟುವುದು ಬೇಸಿಗೆಯಲ್ಲಿ ಮತ್ತು ಮಳೆಗಾಲದಲ್ಲಿ. ಹಾಗಾಗಿ ಪುಷ್ಯ, ಮಾಘ ಮಾಸಗಳೇ ಈ ಕೆಲಸಕ್ಕೆ ಕಡಿಮೆ ಕೆಟ್ಟ ಕಾಲ. ಒಳ್ಳೆಯ ಕಾಲವೆಂಬುದು ಇಲ್ಲ.

ಆ ಮನೆಯಲ್ಲಿ ಕೊನೆಗೆ ಆದದ್ದು ಇಷ್ಟು. ಹಳ್ಳದ ದಂಡೆಗೆ ಹತ್ತಿದ ಎರಡು ಎಕರೆಯನ್ನು ಮುಟ್ಟಬಾರದು, ಅದರ ಮತ್ತು ನೆರೆಯವನ ಹೊಲದ ನಡುವೆ ಬೇಲಿ ಹಾಕಬೇಕು, ಉಳಿದ ಆರೆಕರೆಯನ್ನು ಮೇಲಿನ ಬದುವಿನಿಂದ ಹಳ್ಳದ ಕಡೆಗೆ ಸಾ‌ಲುಸಾಲಾಗಿ ತೆರವುಮಾಡುತ್ತ ಬರಬೇಕು, ಜೀವಿಗಳಿಗೆ ಹಿಂದೆ ಸರಿಯಲು ದಾರಿಯಿರಬೇಕು ಎಂದಾಯಿತು. ಕೆಲಸ ನಡೆಯುವಷ್ಟು ದಿನವೂ ಇಬ್ಬರಲ್ಲೊಬ್ಬ ಮಗ ಹೊಲದಲ್ಲಿರಬೇಕೆಂದು ತಾಯಿ ಹಟ ಹಿಡಿದಳು. ಹಿರಿಯನು ರಜೆ ಹಾಕಿ ಬಂದನು. ಅಷ್ಟಮಿ, ಚತುರ್ದಶಿಗಳಂದು ಗುದ್ದಲಿ ಮುಟ್ಟಲಿಲ್ಲ, ಕೂಲಿ ಮಾತ್ರ ಆ ದಿನಗಳದ್ದೂ ಸಂದಿತು. ಅದು ತಾಯಿಯ ಎರಡನೆಯ ಹಟ. ಕಡಿದ ಸೌದೆಯನ್ನು ಇದ್ದಿಲಿಗೆ ಮಾರದೆ, ಆ ಮೆಳೆಯ ಅಂಚಿನಲ್ಲಿ ಇಷ್ಟು ವರ್ಷ ಒಣಕಟ್ಟಿಗೆ ಆಯುತ್ತಿದ್ದ ಹೆಂಗಸರಿಗೆ ಕೊಟ್ಟರು. ಮೆಳೆ ಹೋದರೆ ಅವರ ಒಲೆಗೆ ಏನು ಗತಿಯೆಂದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ಒಂದೇ ಸಲದ ಸೌದೆ ಎಷ್ಟು ಕಾಲ ಬಂದೀತೆಂಬುದು ಈಗಲೂ ಬಗೆಹರಿದಿಲ್ಲ.

ಇಷ್ಟು ಎಚ್ಚರದ ನಡುವೆಯೂ ಹನ್ನೊಂದನೆಯ ದಿನ ಗುದ್ದಲಿಯು ಒಂದು ಬಿಲದ ಮೇಲೆ ಬಿತ್ತು. ತರಗೆಲೆ ಸರಿಸಿ ನೋಡಿದ್ದರು, ಬಾಯಿ ಕಂಡಿರಲಿಲ್ಲ. ಮುಂಗುಸಿಯ ಎರಡು ಮರಿಗಳು ಸತ್ತವು, ಒಂದು ಉಳಿಯಿತು. ಗುದ್ದಲಿ ಹಿರಿಯನ ಕೈಯಲ್ಲಿಯೇ ಇತ್ತು. ಅವನು ಆ ಸಂಜೆ ಪ್ರತಿಕ್ರಮಣಕ್ಕೆ ಕುಳಿತಾಗ, ತಾನು ಅಂದು ಮಾಡಿದ್ದನ್ನು ಹೇಳಿಕೊಳ್ಳುವುದು ಕಷ್ಟವಾಗಲಿಲ್ಲ, ಇಪ್ಪತ್ತೆರಡು ವರ್ಷ ಮಾಡದೇ ಇದ್ದದ್ದನ್ನು ಯಾವ ಅತಿಚಾರದಲ್ಲಿ ಸೇರಿಸಿ ಹೇಳಬೇಕೆಂಬುದು ತಿಳಿಯಲಿಲ್ಲವೆಂದು ತಾಯಿಗೆ ಹೇಳಿದನು. ಅವಳೂ ಉತ್ತರ ಕೊಡಲಿಲ್ಲ.

ಜಾಲಿಯ ಬೀಜವು ಮಣ್ಣಿನಲ್ಲಿ ಹಲವು ವರ್ಷ ಜೀವ ಹಿಡಿದಿರುತ್ತದೆ. ರೋಹಿಣಿ ಮಳೆ ಬಿದ್ದ ಹದಿನೈದನೆಯ ದಿನಕ್ಕೆ ತೆರವಾದ ಆರೆಕರೆಯ ತುಂಬ ಎರಡೆರಡು ಎಲೆಯ ಸಸಿಗಳು ಎದ್ದವು. ನೆರೆಯ ರೈತನು ತನ್ನ ಶೇಂಗಾ ಬಿತ್ತುವುದನ್ನು ನಿಲ್ಲಿಸಿ, ಬದುವಿನ ಮೇಲೆ ನಿಂತು ಅವನ್ನು ನೋಡಿದನು. ಪುಣೆಗೆ ಸುದ್ದಿ ಹೋಯಿತು.